ಅಪ್ಪನ ನೂಲುಗುಂಡು

ಹೊಳೆನರಸೀಪುರ
6 ಅಕ್ಟೋಬರ್ 2025

ತಮ್ಮ ಚಂದ್ರಯ್ಯನಿಗೆ,

ನೀನು ಚೆನ್ನಾಗಿದ್ದೀಯ ಎಂದು ನಿನ್ನ ಮಗಳು ಬಿಂದುಶ್ರೀ ಹೇಳಿದಳು. ನಿನ್ನ ಫೋನು ಚೆನ್ನಾಗಿಲ್ಲ ಎಂದೂ ಹೇಳಿದಳು. ಅಕ್ಕ ಇನ್ನೂ ಮಾತಾಡುತ್ತಿದ್ದ ಹಾಗೇ ಅದನ್ನು ಗಾರೆ ಬಾಂಡ್ಲಿಗೆ ಎಸೆದು, ತಾರಸಿ ಹಾಕುವ ತನಕ ಫೋನು ಮುಟ್ಟುವುದಿಲ್ಲ ಎಂದು ಆಣೆ ಇಟ್ಟೆಯಂತೆ. ಅರವತ್ತಮೂರು ವರ್ಷದ ಗಂಡಸು ಮಾಡುವ ಕೆಲಸವೇ ಇದು? ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಅಲ್ಲಿನ ಹುಡುಗಿ, “ಇನ್ನೂ ಕಾಗ್ದ ಬರೀತೀರಾ ಅಜ್ಜಿ?” ಎಂದು ನಕ್ಕಳು. ನನ್ನ ತಮ್ಮನ ಫೋನು ಗಾರೆ ಕುಡಿದು ಸತ್ತಿದೆ ಎಂದು ಅವಳಿಗೆ ಹೇಳಲೇ?

ಇರಲಿ. ಅವತ್ತು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ. ಕಾಗದವನ್ನು ಗಾರೆಗೆ ಹಾಕಿದರೆ ಇನ್ನೊಂದು ಬರೆಯುತ್ತೇನೆ.

ನೀನು ಕಟ್ಟುತ್ತಿರುವ ಪ್ರಾರ್ಥನಾ ಮಂದಿರದ ಫೋಟೋವನ್ನು ಬಿಂದು ಕಳಿಸಿದ್ದಳು. ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ ನೋಡಿದೆ. ರಸ್ತೆ ಕಡೆಯ ಗೋಡೆ ಆಚೆಗೆ ವಾಲಿದೆ. ಗಾರೆ ಹೊರುವ ಚಿಕ್ಕಲಕ್ಷ್ಮಮ್ಮನೂ ಹೇಳಿದಳಂತಲ್ಲ, “ಗ್ವಾಡೆ ಯಾಕೋ ವಾಲ್ಕಂಡಂಗದೆ ಕಣಣ್ಣ, ಒಸಿ ಗುಂಡು ಬುಟ್ಟು ನೋಡು” ಎಂದು. ಅಷ್ಟಕ್ಕೇ ನಾಳೆಯಿಂದ ಬರಬೇಡ ಅಂದೆಯಂತೆ. ಆ ಹೆಂಗಸು ಹದಿನೆಂಟು ವರ್ಷ ನಿನ್ನ ಜೊತೆ ಗಾರೆ ಹೊತ್ತಿದ್ದಾಳೆ. ನಿನ್ನ ಬಾಯಿಯನ್ನು ಅಷ್ಟು ವರ್ಷ ತಡೆದುಕೊಂಡದ್ದಕ್ಕೇ ಅವಳಿಗೊಂದು ಶಾಲು ಹೊದಿಸಬೇಕಿತ್ತು.

ಹದಿನಾಲ್ಕು ಅಡಿಯ ಗೋಡೆ. ಅದರ ಮೇಲೆ ತಾರಸಿಯ ಭಾರ. ಅದರ ಕೆಳಗೆ ಭಾನುವಾರ ಅರವತ್ತು ಜನ, ಗೋಡೆ ಪಕ್ಕ ಚಾಪೆ ಹಾಸಿಕೊಂಡು ಸಂಡೇ ಸ್ಕೂಲಿನ ಮಕ್ಕಳು, ಅವರಲ್ಲಿ ಬಿಂದುವಿನ ಮಗಳೂ ಒಬ್ಬಳು. ತಾರಸಿ ನವೆಂಬರ್ 20ಕ್ಕೆ ಎಂದು ಕೇಳಿದೆ. ಅಷ್ಟರೊಳಗೆ ಗೋಡೆಗೆ ಒಂದು ಸಲ ನೂಲುಗುಂಡು ಇಳಿಬಿಟ್ಟು ನೋಡು. ದಾರಕ್ಕೆ ಕಟ್ಟಿದ ಒಂದು ಗುಂಡು, ಅಷ್ಟೇ. ಪ್ರವಾದಿ ಆಮೋಸನಿಗೆ ದೇವರು ಕಾಣಿಸಿಕೊಂಡದ್ದೇ ಗೋಡೆ ಪಕ್ಕ ನೂಲುಗುಂಡು ಹಿಡಿದುಕೊಂಡು. ದೇವರಿಗೆ ಗುಂಡು ಬೇಕು, ಚಂದ್ರಯ್ಯ ಮೇಸ್ತ್ರಿಗೆ ಬೇಡ.

ನಿನ್ನ ಅಕ್ಕ
ಹೊನ್ನಕ್ಕ


ಅರಕಲಗೂಡು
11 ಅಕ್ಟೋಬರ್ 2025

ಅಕ್ಕನಿಗೆ ಚಂದ್ರಯ್ಯನ ನಮಸ್ಕಾರ.

ಕಾಗದ ಬಂತು. ಸಾರವೆ ಮೇಲೆ ಕುಳಿತು ಓದಿದೆ. ಕೆಳಗೆ ಇಳಿದು ಒಂದು ಚೆಂಬು ನೀರು ಕುಡಿದು ಮತ್ತೆ ಓದಿದೆ. ಸಿಟ್ಟು ಇಳಿಯಲಿಲ್ಲ.

ನಲವತ್ತೈದು ವರ್ಷದಿಂದ ಕರಣೆ ಹಿಡಿದಿದ್ದೇನೆ. ಅರಕಲಗೂಡಿನಿಂದ ಶಾಂತಿಗ್ರಾಮದ ತನಕ ಎಷ್ಟು ಮನೆ ಎಂದು ನನಗೇ ಲೆಕ್ಕವಿಲ್ಲ. ಚನ್ನರಾಯಪಟ್ಟಣದಲ್ಲಿ ದೇವರಾಜ್ ಗೌಡರ ಮನೆ ಕಟ್ಟುವಾಗ ಅವರ ಕಡೆಯ ಇಂಜಿನಿಯರು ಯಂತ್ರ ಇಟ್ಟು ಅಳೆದು, ಒಂದು ನೂಲೂ ವ್ಯತ್ಯಾಸ ಸಿಗದೆ ತಲೆ ಕೆರೆದುಕೊಂಡರು. “ಚಂದ್ರಯ್ಯನ ಕಣ್ಣೇ ಗುಂಡು ಕಣ್ರಪ್ಪ” ಎಂದು ಗೌಡರು ಎಲ್ಲರ ಮುಂದೆ ಹೇಳಿದರು. ಬೇರೆಯವರಿಗೆ ಗೊತ್ತಾದದ್ದು ಒಡಹುಟ್ಟಿದವಳಿಗೆ ಗೊತ್ತಾಗಲಿಲ್ಲ.

ಆ ಫೋಟೋ ಬಿಂದು ಸೊಂಟದಲ್ಲಿ ಮಗು ಇಟ್ಟುಕೊಂಡು ಒಂದೇ ಕೈಯಲ್ಲಿ ತೆಗೆದದ್ದು. ಅದರಲ್ಲಿ ತೆಂಗಿನ ಮರವೂ ವಾಲಿದೆ, ಕರೆಂಟು ಕಂಬವೂ ವಾಲಿದೆ. ಅವಕ್ಕೂ ಒಂದೊಂದು ಕಾಗದ ಬರೆದುಬಿಡು.

ಚಿಕ್ಕಲಕ್ಷ್ಮಮ್ಮನ ವಿಷಯ ನಿನಗೆ ಬೇಡ. ಗಾರೆ ಹೊರುವವಳು ಗಾರೆ ಹೊರಬೇಕು. ನಾಲ್ಕು ಜನ ಆಳುಗಳ ಮುಂದೆ ನನಗೇ ಗುಂಡು ಬಿಡಲು ಹೇಳಿದಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು. “ಸಾಕು ನಡಿಯಮ್ಮಿ, ನಾಳಿಂದ ಬರ್ಬ್ಯಾಡ” ಅಂದೆ. ದೇವರ ಮನೆ ಎಂದು ಕೂಲಿ ತೆಗೆದುಕೊಳ್ಳದೆ ನನ್ನ ಕೈಯಾರೆ ಕಟ್ಟುತ್ತಿದ್ದೇನೆ. ಅದರಲ್ಲಿ ತಪ್ಪಾಗಲು ದೇವರು ಬಿಡುತ್ತಾನೆಯೇ?

ಇನ್ನು ಗುಂಡಿನ ಮಾತು. ಅದನ್ನು ನೀನು ಎತ್ತಬಾರದಿತ್ತು. ಅಪ್ಪ ಸತ್ತಾಗ ಅವನ ಹಿತ್ತಾಳೆ ಗುಂಡು ಯಾರಿಗೆ ಹೋಯಿತು? ಅವನ ಜೊತೆ ಬಿಸಿಲಲ್ಲಿ ಬೆಂದು ಕೆಲಸ ಕಲಿತ ಮಗನಿಗಲ್ಲ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ನರ್ಸ್ ಮಗಳಿಗೆ. ಅಪ್ಪನಿಗೆ ನನ್ನ ಗೋಡೆಗಳ ಮೇಲೆ ನಂಬಿಕೆ ಇರಲಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು. ಅಂದಿನಿಂದ ಇಪ್ಪತ್ತೆರಡು ವರ್ಷ ನಾನು ಗುಂಡು ಮುಟ್ಟಿಲ್ಲ, ನನ್ನ ಕೆಲಸದ ಹತ್ತಿರ ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಒಂದು ಗೋಡೆ ಬಿದ್ದಿದೆಯಾ, ಹೇಳು.

ಅಷ್ಟು ಅನುಮಾನವಿದ್ದರೆ ಬಸ್ಸು ಹತ್ತಿ ಬಂದು ನಿನ್ನ ಕಣ್ಣಿಂದಲೇ ನೋಡು. ಒಂದು ಗಂಟೆಯ ದಾರಿ.

ಚಂದ್ರಯ್ಯ


ಹೊಳೆನರಸೀಪುರ
17 ಅಕ್ಟೋಬರ್ 2025

ತಮ್ಮ ಚಂದ್ರಯ್ಯನಿಗೆ,

ನಾನು ಬರುವುದಕ್ಕೆ ಆಗುವುದಿಲ್ಲ. ಮಂಡಿ ನೋವು. ಬಸ್ಸಿನ ಮೆಟ್ಟಿಲು ಎತ್ತರ. ಅಲ್ಲದೆ ಅಭಿಷೇಕನ ಮಗುವಿಗೆ ಜ್ವರ, ಸೊಸೆ ಒಬ್ಬಳೇ ಆಗುತ್ತಾಳೆ.

ನಿನಗೆ ಬೈಬಲ್ಲಿನ ನಾಮಾನನ ಕಥೆ ನೆನಪಿದೆಯೇ? ಅಪ್ಪ ಅದನ್ನು ಎಷ್ಟು ಸಲ ಹೇಳಿದ್ದ! ಅರಾಮ್ಯರ ಸೇನಾಪತಿ, ರಾಜನ ಬಲಗೈ, ಮೈಯೆಲ್ಲ ಕುಷ್ಠ. ಅವನಿಗೆ ದಾರಿ ತೋರಿಸಿದ್ದು ರಾಜನಲ್ಲ, ವೈದ್ಯನಲ್ಲ. ಯುದ್ಧದಲ್ಲಿ ಹಿಡಿದು ತಂದು ಮನೆಗೆಲಸಕ್ಕೆ ಇಟ್ಟುಕೊಂಡಿದ್ದ ಒಬ್ಬ ಹುಡುಗಿ. ಅವಳ ಮಾತು ಕೇಳಿ ರಥ ಕಟ್ಟಿಕೊಂಡು ಎಲೀಷನ ಬಾಗಿಲಿಗೆ ಹೋದರೆ, ಪ್ರವಾದಿ ಎದ್ದು ಹೊರಗೂ ಬರಲಿಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಎಂದು ಆಳಿನ ಕೈಯಲ್ಲಿ ಹೇಳಿಕಳಿಸಿದ. ಸೇನಾಪತಿಗೆ ಮೈ ಉರಿದುಹೋಯಿತು. ನಮ್ಮೂರಿನಲ್ಲಿ ಇದಕ್ಕಿಂತ ಒಳ್ಳೆಯ ಹೊಳೆಗಳಿಲ್ಲವೇ ಎಂದು ರಥ ತಿರುಗಿಸಿದ. ಮೈಮೇಲಿನ ಕುಷ್ಠಕ್ಕಿಂತ ತನಗೆ ಮರ್ಯಾದೆ ಕೊಡಲಿಲ್ಲ ಎಂಬುದೇ ಅವನಿಗೆ ಹೆಚ್ಚಾಯಿತು. ಕೊನೆಗೆ ಜೊತೆಯ ಆಳುಗಳೇ ಹೇಳಬೇಕಾಯಿತು: ದೊಡ್ಡದೇನಾದರೂ ಮಾಡು ಅಂದಿದ್ದರೆ ಮಾಡುತ್ತಿದ್ದಿರಿ, ಇಷ್ಟು ಸಣ್ಣದಕ್ಕೆ ಯಾಕೆ ಸಿಟ್ಟು ಎಂದು. ಆಮೇಲೆ ಹೊಳೆಗಿಳಿದು ಏಳು ಸಲ ಮುಳುಗಿದ, ಕುಷ್ಠ ಹೋಯಿತು.

ಅಪ್ಪ ನಮ್ಮಿಬ್ಬರನ್ನೂ ಇಲ್ಲೇ ಹೇಮಾವತಿಗೆ ಕರೆದುಕೊಂಡು ಬಂದು, ಕಥೆ ಹೇಳುತ್ತ ಏಳು ಸಲ ಮುಳುಗಿಸಿ ಎಣಿಸುತ್ತಿದ್ದ. ನೀನು ಐದಕ್ಕೇ ಚಡ್ಡಿ ಹಿಡಿದುಕೊಂಡು ದಡಕ್ಕೆ ಓಡುತ್ತಿದ್ದೆ. “ಲೇ ನಾಮಾನ, ಇನ್ನೂ ಎಲ್ಡು ಬಾಕಿ ಅದೆ, ಬಾರ್ಲಾ!” ಎಂದು ಅಪ್ಪ ಕೂಗುತ್ತಿದ್ದ. ಅರವತ್ತು ದಾಟಿದರೂ ನೀನು ಇನ್ನೂ ಆ ದಡದ ಮೇಲೇ ನಿಂತಿದ್ದೀಯ.

ನಿನಗೆ ಆ ಹುಡುಗಿಯ ಬದಲು ಚಿಕ್ಕಲಕ್ಷ್ಮಮ್ಮ ಸಿಕ್ಕಿದಳು. ಅವಳು ನಮ್ಮ ಸಭೆಗೆ ಬರುವವಳಲ್ಲ, ನಮ್ಮ ವಾಕ್ಯ ಓದಿದವಳಲ್ಲ, ಆದರೂ ನಿನ್ನ ಗೋಡೆಯ ಒಳ್ಳೆಯದಕ್ಕೇ ಹೇಳಿದಳು. ಅವಳನ್ನು ಓಡಿಸಿ, ತಪ್ಪಾಗಲು ದೇವರು ಬಿಡುತ್ತಾನೆಯೇ ಎಂದು ನನ್ನನ್ನು ಕೇಳುತ್ತೀಯ. ಬಿಡದೆ ಇರುವುದಕ್ಕೇ ಅವಳ ಬಾಯಲ್ಲಿ ಹೇಳಿಸಿರಬಹುದು. ನಿನ್ನ ತಲೆಯಲ್ಲಿ ಏನು ಇಟ್ಟಿಗೆ ತುಂಬಿಕೊಂಡಿದ್ದೀಯ?

ಪೇಟೆಯಲ್ಲಿ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಗುಂಡು ಸಿಗುತ್ತದೆ. ಅಪ್ಪನದೇ ಆಗಬೇಕೆಂದಿಲ್ಲ.

ಹೊನ್ನಕ್ಕ


ಅರಕಲಗೂಡು
23 ಅಕ್ಟೋಬರ್ 2025

ಅಕ್ಕನಿಗೆ,

ನಿನ್ನ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೊನ್ನೆ ಊಟಕ್ಕೆ ಕುಳಿತಾಗ ಅವುಗಳ ಮೇಲೆ ಸುಮ್ಮನೆ ಕಣ್ಣು ಬಿತ್ತು. ಏನೋ ಸರಿ ಇಲ್ಲ ಅನ್ನಿಸಿತು. ಸ್ಕೇಲು ತಂದು ಇಟ್ಟು ನೋಡಿದೆ.

ಮೊದಲನೆಯ ಕಾಗದದಲ್ಲಿ ನಿನ್ನ ಸಾಲುಗಳು ಎಡದಿಂದ ಬಲಕ್ಕೆ ಹೋಗುವಷ್ಟರಲ್ಲಿ ಕಾಲು ಅಂಗುಲ ಕೆಳಗೆ ಇಳಿದಿವೆ. ಎರಡನೆಯದರಲ್ಲಿ ಅರ್ಧ ಅಂಗುಲ. ನಾಮಾನ ರಥ ತಿರುಗಿಸುವ ಕಡೆ ಒಂದು ಸಾಲಿನ ಮೇಲೇ ಇನ್ನೊಂದು ಸಾಲು ಬರೆದಿದ್ದೀಯ. ಮೇಲಿನ ವಿಳಾಸದಲ್ಲಿ ಅರಕಲಗೂಡು ಎನ್ನುವುದು ಅಂಚೆ ಮುದ್ರೆಯ ಜಾಗಕ್ಕೆ ಹೋಗಿ ಕುಳಿತಿದೆ. ಚಾರ್ಟು ಬರೆದರೆ ಮುದ್ರಣ ಮಾಡಿದಂತಿದೆ ಎಂದು ಡಾಕ್ಟರರ ಕೈಯಲ್ಲಿ ಹೊಗಳಿಸಿಕೊಂಡ ಕೈ ಇದು.

ಹಾಗಾದರೆ ವಾಲಿರುವುದು ಯಾವುದು? ನನ್ನ ಗೋಡೆಯೋ, ನಿನ್ನ ಕಣ್ಣೋ? ನೇರ ಸಾಲು ಬರೆಯಲಾಗದವಳು ಮೂವತ್ತು ಕಿಲೋಮೀಟರು ದೂರದಿಂದ ನನ್ನ ಗೋಡೆ ಸೊಟ್ಟ ಅನ್ನುತ್ತಾಳೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬರಲು ಆಗುವುದಿಲ್ಲ ಎನ್ನುವುದಕ್ಕೆ ಮಂಡಿ, ಮೆಟ್ಟಿಲು, ಮಗು ಎಂದು ಮೂರು ಕಾರಣ ಕೊಟ್ಟಿದ್ದೀಯ. ನಿಜವಾದ ಕಾರಣವಾದರೆ ಒಂದೇ ಸಾಕಾಗುತ್ತಿತ್ತು.

ತಾರಸಿಯನ್ನು ನವೆಂಬರ್ 12ಕ್ಕೇ ಹಾಕುತ್ತಿದ್ದೇವೆ. ಸೆಂಟ್ರಿಂಗ್‌ನವರಿಗೆ ಆಮೇಲೆ ಬೇರೆ ಕೆಲಸವಿದೆಯಂತೆ, 10ಕ್ಕೇ ಬಂದು ಹಲಗೆ ಕಟ್ಟುತ್ತಾರೆ. ಕ್ರಿಸ್‌ಮಸ್ ಆರಾಧನೆ ಹೊಸ ಮಂದಿರದಲ್ಲೇ ಎಂದು ಪಾಸ್ಟರು ಗೌತಮ್ ಭಾನುವಾರ ಹೇಳಿಯೂ ಆಯಿತು. ಜನ ಚಪ್ಪಾಳೆ ತಟ್ಟಿದರು.

ಚಂದ್ರಯ್ಯ


ಹೊಳೆನರಸೀಪುರ
27 ಅಕ್ಟೋಬರ್ 2025

ಚಂದ್ರಯ್ಯ,

ನನ್ನ ಕಣ್ಣಿಗೆ ಏನೂ ಆಗಿಲ್ಲ. ಮೇಜು ಓರೆಯಾಗಿತ್ತು. ಮೂವತ್ತಾರು ವರ್ಷ ನರ್ಸ್ ಆಗಿದ್ದವಳಿಗೆ ಕಣ್ಣಿನ ವಿಷಯವನ್ನು ಗಾರೆಯವನು ಹೇಳಿಕೊಡಬೇಕಾಗಿಲ್ಲ.

ಇನ್ನು ನಾನು ಬರೆಯುವುದಿಲ್ಲ. ಗೋಡೆ ನಿನ್ನದು, ಮಕ್ಕಳು ನಿಮ್ಮವರು. ನೋಡಿಕೊ.

ಹೊನ್ನಕ್ಕ


ಅರಕಲಗೂಡು
31 ಅಕ್ಟೋಬರ್ 2025

ಅಕ್ಕನಿಗೆ,

ಗಾರೆಯವನು ಬರೆಯುತ್ತಿದ್ದೇನೆ.

ಅಂಥ ಮೇಜನ್ನು ಯಾವ ಬಡಗಿ ಮಾಡಿದ, ಹೇಳು. ಮೂರನೆಯ ಕಾಗದದಲ್ಲಿ ಮುಕ್ಕಾಲು ಅಂಗುಲ ಇಳಿದಿದೆ. ನಾಲ್ಕೇ ಸಾಲಿಗೆ.

ಮೊನ್ನೆ ಹಾಗೆ ಗೇಲಿ ಮಾಡಬಾರದಿತ್ತು. ಆದರೆ ನಾನು ಹೇಳಿದ್ದು ಸುಳ್ಳೂ ಅಲ್ಲ. ಉತ್ತರ ಬರೆ.

ಚಂದ್ರಯ್ಯ


ಅರಕಲಗೂಡು
4 ನವೆಂಬರ್ 2025

ಅಕ್ಕನಿಗೆ,

ನಿನ್ನಿಂದ ಉತ್ತರ ಬರಲಿಲ್ಲ. ಬಿಂದುವಿನ ಕೈಯಲ್ಲಿ ಅಭಿಷೇಕನಿಗೆ ಫೋನು ಮಾಡಿಸಿದೆ. ನಾನು ಮುಟ್ಟಲಿಲ್ಲ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ಅವನು ಎಲ್ಲ ಹೇಳಿದ. ಲೋಟಕ್ಕೆ ಬಿಸಿನೀರು ಬಗ್ಗಿಸಲು ಹೋಗಿ ಕಾಲಿನ ಮೇಲೆ ಬಗ್ಗಿಸಿಕೊಂಡೆಯಂತೆ. ಎರಡು ಕಣ್ಣಿಗೂ ಪೊರೆ ಬಲಿತಿದೆಯಂತೆ. ಆಸ್ಪತ್ರೆಗೆ ಹೋಗೋಣ ಎಂದು ಒಂದು ವರ್ಷದಿಂದ ಅವನು ಬೇಡಿಕೊಳ್ಳುತ್ತಿದ್ದರೆ, “ನಂಗೆ ಹೇಳ್ಕೊಡಕ್ಕೆ ಬತ್ತೀಯೇನ್ಲಾ” ಎಂದು ರೇಗುತ್ತೀಯಂತೆ. ಸೊಸೆ ಕೈ ಹಿಡಿದು ನಡೆಸಲು ಬಂದರೆ ಕೊಡವಿಕೊಳ್ಳುತ್ತೀಯಂತೆ. ಭಾನುವಾರ ಸಭೆಯಲ್ಲಿ ಬೈಬಲ್ಲು ತೆರೆದು ಹಿಡಿದುಕೊಂಡು, ಬಾಯಿಪಾಠ ಬರುವುದನ್ನು ಓದಿದ ಹಾಗೆ ಹೇಳುತ್ತೀಯಂತೆ. ಅಕ್ಕಾ, ದೇವರ ಮುಂದೆಯೂ ನಾಟಕವೇ?

ನುಗ್ಗೇಹಳ್ಳಿ ಕಡೆ ಕಣ್ಣಿನ ಕ್ಯಾಂಪು ಮಾಡಿದಾಗ ಹೆದರಿ ಓಡುವ ಮುದುಕಿಯರನ್ನು ಹಿಡಿದು ಜೀಪಿಗೆ ಹತ್ತಿಸುತ್ತಿದ್ದವಳು ನೀನೇ ಅಲ್ಲವೇ? “ಕಾಲ್ಗಂಟೆ ಕೆಲ್ಸ ಕಣಜ್ಜಿ, ಸೊಳ್ಳೆ ಕಚ್ಚಿದಂಗೂ ಆಗಕಿಲ್ಲ” ಎಂದು ಅವರಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ದೊಡ್ಡದೇನಾದರೂ ಮಾಡು ಅಂದಿದ್ದರೆ ಮಾಡುತ್ತಿದ್ದೆ, ಇಷ್ಟು ಸಣ್ಣದಕ್ಕೆ ಯಾಕೆ ಸಿಟ್ಟು? ಇದು ನನ್ನ ಮಾತಲ್ಲ. ನೀನು 17ನೇ ತಾರೀಖು ಬರೆದದ್ದು. ನಿನ್ನ ನಾಮಾನನನ್ನು ನಿನಗೇ ವಾಪಸ್ಸು ಕಳಿಸುತ್ತಿದ್ದೇನೆ, ಇಟ್ಟುಕೊ.

ಒಂದು ಒಪ್ಪಂದ ಮಾಡಿಕೊಳ್ಳೋಣ. ನೀನು ಹಾಸನಕ್ಕೆ ಹೋಗಿ ಕಣ್ಣು ತೋರಿಸು. ತೋರಿಸಿದೆ ಎಂದು ಕಾಗದ ಬಂದ ಮೇಲೆ ನಾನು ಗೋಡೆಗೆ ಗುಂಡು ಬಿಡುತ್ತೇನೆ. ಮೊದಲು ನೀನು. 12ನೇ ತಾರೀಖಿನೊಳಗೆ.

ಚಂದ್ರಯ್ಯ


ಹೊಳೆನರಸೀಪುರ
7 ನವೆಂಬರ್ 2025

ತಮ್ಮ ಚಂದ್ರಯ್ಯನಿಗೆ,

ಅರವತ್ತು ಜನರ ತಲೆಯ ಮೇಲೆ ತಾರಸಿ ಕೂರಿಸುವ ಮೊದಲು “ಮೊದಲು ನೀನು” ಎಂದು ಚೌಕಾಸಿ ಮಾಡುವವನು ಈ ಜಿಲ್ಲೆಯಲ್ಲಿ ನೀನೊಬ್ಬನೇ ಇರಬೇಕು. ಆದರೂ ನಿನ್ನೆ ಹಾಸನಕ್ಕೆ ಹೋಗಿ ಬಂದೆ. ನಿನ್ನ ಒಪ್ಪಂದಕ್ಕಾಗಿ ಅಲ್ಲ. ನಿನ್ನ ಕಾಗದವನ್ನು ನನಗೆ ಓದಲಾಗಲಿಲ್ಲ, ಅದಕ್ಕೆ. ಅಭಿಷೇಕ ಓದಿ ಹೇಳಿದ. ಬಾಯಿಪಾಠ ಬರುವುದನ್ನು ಓದಿದ ಹಾಗೆ ಹೇಳುತ್ತೀಯಂತೆ ಎನ್ನುವ ಸಾಲನ್ನು ಎರಡು ಸಲ ಓದಿದ.

ಈ ಕಾಗದದಲ್ಲಿ ಸಾಲುಗಳು ನೇರವಾಗಿರುತ್ತವೆ. ಸೊಸೆ ಪಕ್ಕದಲ್ಲಿ ಕುಳಿತು ಸಾಲು ಸಾಲಿಗೂ ಸ್ಕೇಲು ಇಡುತ್ತಿದ್ದಾಳೆ, ನಾನು ಅದರ ಅಂಚು ಹಿಡಿದು ಬರೆಯುತ್ತಿದ್ದೇನೆ. ಇದನ್ನು ಒಂದು ವರ್ಷದ ಹಿಂದೆಯೇ ಮಾಡಬಹುದಿತ್ತು. ನಾಲ್ಕು ಜನರ ಕೈ ಹಿಡಿದು ನಡೆಸಿದವಳು ನಾನು, ನನ್ನ ಕೈಯನ್ನು ಇನ್ನೊಬ್ಬರಿಗೆ ಕೊಟ್ಟರೆ ನಾನು ಯಾರು ಎಂಬ ಭಯ. ದೇವರನ್ನು ನಂಬಿದ್ದೇನೆ ಎಂದು ಬಾಯಿ ಹೇಳುತ್ತಿತ್ತು. ಒಳಗೆ ನಂಬಿದ್ದು ನನ್ನ ಕಣ್ಣು, ನನ್ನ ಕೈ, ನನ್ನ ಗಟ್ಟಿತನ.

ಇನ್ನೊಂದು ಮಾತಿದೆ. ಇದನ್ನು ಸೊಸೆಯ ಎದುರು ಬರೆಯಲು ನಾಚಿಕೆಯಾಗುತ್ತಿದೆ. ಬರೆಯುತ್ತೇನೆ.

ಅಪ್ಪ ನೂಲುಗುಂಡನ್ನು ನನಗೆ ಕೊಡಲಿಲ್ಲ. ನಿನಗೆ ಕೊಟ್ಟ. ಹೋಗುವ ಹಿಂದಿನ ದಿನ ಆಸ್ಪತ್ರೆಯಲ್ಲಿ ಅದನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟು, “ಇದ್ನ ಚಂದ್ರಂಗೆ ಕೊಟ್ಬುಡವ್ವ. ಕೆಲ್ಸದಾಗೆ ನನ್ನೇ ಮೀರ್ಸವ್ನೆ. ಅವನ ಕಣ್ಗೆ ಇದೂ ಒಂದು ಜೊತೆಗಿರ್ಲಿ” ಅಂದ. ಮಾರನೆಯ ದಿನ ಸಮಾಧಿಯ ಹತ್ತಿರ ನೀನು ಎಲ್ಲರ ಮುಂದೆ ನನ್ನ ಮೇಲೆ ಕೂಗಿದೆ: “ನರ್ಸಂತೆ ನರ್ಸು! ಹೆತ್ತಪ್ಪನ್ನ ಉಳಿಸ್ಕಳಕ್ಕಾಗ್ನಿಲ್ಲ.” ಆಗ ಗುಂಡು ನನ್ನ ಚೀಲದಲ್ಲಿತ್ತು. ನಾನು ತೆಗೆಯಲಿಲ್ಲ. ಇವನು ತಪ್ಪಾಯಿತು ಅನ್ನಲಿ, ಆಮೇಲೆ ಕೊಡುತ್ತೇನೆ ಅಂದುಕೊಂಡೆ. ನೀನು ಅನ್ನಲಿಲ್ಲ. ಒಂದು ದಿನ ಅದನ್ನು ನನ್ನ ಮನೆಯಲ್ಲಿ ನೋಡಿ, “ಅಪ್ಪ ನಿನಗೆ ಕೊಟ್ನಾ?” ಎಂದು ನೀನು ಕೇಳಿದೆ. ನಾನು “ಹೂಂ” ಅಂದೆ. ನಿನ್ನ ಮುಖ ಸಣ್ಣದಾದದ್ದನ್ನು ನೋಡಿದೆ. ನೋಡಿ ಸುಮ್ಮನಿದ್ದೆ. ಆ ಒಂದು ಹೂಂನಿಂದ ನೀನು ಇಪ್ಪತ್ತೆರಡು ವರ್ಷ ಗುಂಡಿಲ್ಲದೆ ಕಟ್ಟಿದೆ. ನಿನ್ನ ಹಟಕ್ಕೆ ತಳಪಾಯ ಹಾಕಿದವಳು ನಾನು. ಮೇಲೆ ನಿಂತು ಗೋಡೆ ಸೊಟ್ಟ ಎಂದು ಕೂಗಿದವಳೂ ನಾನೇ.

ಅಂಚೆಗೆ ಹಾಕಿದರೆ ತಡವಾಗುತ್ತದೆ. ಗುಂಡನ್ನೂ ಈ ಕಾಗದವನ್ನೂ ಅಭಿಷೇಕನ ಕೈಯಲ್ಲಿ ಇವತ್ತೇ ಕಳಿಸುತ್ತಿದ್ದೇನೆ. ಟವೆಲು ಅಪ್ಪನದೇ. ಬಲಗಣ್ಣಿನ ಆಪರೇಷನ್ 18ಕ್ಕೆ ನಿಗದಿಯಾಗಿದೆ. ನನ್ನನ್ನು ಎಷ್ಟು ಬೇಕಾದರೂ ಬೈದುಕೊ. ಗುಂಡು ಮಾತ್ರ ಬಿಡು. ನಿನ್ನ ಕಾಲಿಗೆ ಬೀಳುತ್ತೇನೆ, ಚಂದ್ರ, 12ರ ಒಳಗೆ ಬಿಡು.

ಹೊನ್ನಕ್ಕ


ಅರಕಲಗೂಡು
13 ನವೆಂಬರ್ 2025

ಅಕ್ಕನಿಗೆ ಚಂದ್ರಯ್ಯನ ನಮಸ್ಕಾರ.

ತಾರಸಿ ಹಾಕಲಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ, ನಿನಗೆ ನಿದ್ದೆ ಬರಲಿ.

ಅಭಿಷೇಕ ಟವೆಲಿನ ಗಂಟು ಕೊಟ್ಟಾಗ ತೆಗೆದು ಕಿಟಕಿಯಲ್ಲಿಟ್ಟೆ, ಬಿಚ್ಚಲಿಲ್ಲ. ಕಾಗದ ಓದಿದೆ. ಎರಡು ದಿನ ಗಂಟು ಅಲ್ಲೇ ಇತ್ತು. ಪ್ರಾರ್ಥನೆಗೆ ಮೊಣಕಾಲೂರಿದರೆ ಬಾಯಿಗೆ ಬರುವುದೆಲ್ಲ ನಿನ್ನ ಮೇಲಿನ ದೂರೇ. ಭಾನುವಾರ ಸಭೆಯಲ್ಲಿ ಪಾಸ್ಟರು ಏನು ಹೇಳಿದರೋ ಗೊತ್ತಿಲ್ಲ. ನನ್ನ ಕಿವಿಯಲ್ಲಿ “ಕೆಲ್ಸದಾಗೆ ನನ್ನೇ ಮೀರ್ಸವ್ನೆ” ಎನ್ನುವುದು ಒಂದೇ. ಅದನ್ನು ಕೇಳಬೇಕೆಂದು ನಾನು ಇಪ್ಪತ್ತೆರಡು ವರ್ಷ ಗೋಡೆ ಕಟ್ಟಿದ್ದೆ. ಅದು ನಿನ್ನ ಅಲಮಾರಿಯಲ್ಲಿತ್ತು.

ಸೋಮವಾರ ಸೆಂಟ್ರಿಂಗ್‌ನವರು ಬರುವ ಮೊದಲು ಗಂಟು ಬಿಚ್ಚಿದೆ. ಗುಂಡಿನ ಮೇಲೆ ಅಪ್ಪನ ಸುಣ್ಣ ಇನ್ನೂ ಅಂಟಿಕೊಂಡಿತ್ತು. ರಸ್ತೆ ಕಡೆಯ ಗೋಡೆಗೇ ಮೊದಲು ಬಿಟ್ಟೆ. ನಿಜ ಹೇಳುತ್ತೇನೆ, ದೇವರನ್ನು ನೆನೆದು ಬಿಟ್ಟದ್ದಲ್ಲ, ನೀನು ಸೋಲಲಿ ಎಂದು ಬಿಟ್ಟದ್ದು. ಗುಂಡು ಆಡಿ ಆಡಿ ನಿಂತಿತು. ಮೇಲಿಂದ ಕೆಳಗಿನ ತನಕ ಒಂದೇ ಅಂತರ. ಗೋಡೆ ನೆಟ್ಟಗಿದೆ! ಒಬ್ಬನೇ ಕೂಗಿಕೊಂಡೆ. ಅಕ್ಕ ಸೋತಳು ಎಂದು ದಾರ ಸುತ್ತಲು ಶುರು ಮಾಡಿದೆ.

ಅಪ್ಪ ದಾರ ಸುತ್ತುವಾಗ ಯಾವಾಗಲೂ ಒಂದು ಮಾತು ಹೇಳುತ್ತಿದ್ದ. “ಗುಂಡು ಯಾರ ಮಖಾನೂ ನೋಡಕಿಲ್ಲ ಕಣ್ಲಾ.” ಅದು ನೆನಪಿಗೆ ಬಂತು. ಅದರ ಹಿಂದೆಯೇ ಇನ್ನೊಂದು ನೆನಪು. ಗೋಡೆ ವಾಲಿದೆ ಎಂದು ಚಿಕ್ಕಲಕ್ಷ್ಮಮ್ಮ ಹೇಳಿದಳೇ ಹೊರತು, ಯಾವ ಗೋಡೆ ಎಂದು ನಾನು ಕೇಳಲೇ ಇಲ್ಲ. ನೀನು ಫೋಟೋ ನೋಡಿ ರಸ್ತೆ ಕಡೆಯದು ಅಂದುಕೊಂಡೆ, ನಾನು ನಿನ್ನ ಜೊತೆ ಜಗಳಕ್ಕೆ ಬಿದ್ದೆ. ನಾವಿಬ್ಬರೂ ಒಂದು ತಿಂಗಳಿಗೂ ಹೆಚ್ಚು ದಿನ ನೆಟ್ಟಗಿರುವ ಗೋಡೆಗೆ ಕಿತ್ತಾಡಿದ್ದೇವೆ.

ಅವಳ ಮನೆಗೆ ಹೋದೆ. ಮುಂಬಾಗಿಲಲ್ಲಿ ಕುಳಿತು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅವಳು ತಲೆ ಎತ್ತಲಿಲ್ಲ. “ಯಾವ ಗ್ವಾಡೆ ಅಂದಿದ್ದೆ ನೀನು?” ಎಂದು ಕೇಳಿದೆ.

“ಈಗ ಕೇಳೀಯಾ?” ಅಂದಳು. “ಬಾವಿ ಕಡೆ ಗ್ವಾಡೆ ಕಣಣ್ಣ. ಮಕ್ಕಳು ಕೂರೋ ತಾವು. ನಾನು ದಿನಾ ಬಾಂಡ್ಲಿ ಒತ್ಕಂಡು ಅದರ ಪಕ್ಕದಾಗೇ ಅತ್ತಿ ಇಳೀತಿದ್ನಲ್ಲ. ಸಾರವೆ ಬೊಂಬಿಗೂ ಗ್ವಾಡೆಗೂ ಕೆಳೀಕೆ ನಾಕು ಬೆಳ್ಳು ಸಂದು ಅದೆ. ಮ್ಯಾಕೋದ್ರೆ ಒಂದು ಬೆಳ್ಳೂ ತೂರಕಿಲ್ಲ. ನನ್ನ ಮೊಣಕೈ ತರಚ್ಕಂಡು ತರಚ್ಕಂಡು ಗೊತ್ತಾಯ್ತು.” ಮೊಣಕೈ ತೋರಿಸಿದಳು. ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ.

ಬಾ, ದಾರ ಹಿಡಿ ಅಂದೆ. “ನಾಕಾಳ್ನ ಮುಂದೆ ಓಡಿಸ್ದೆ. ನಾಕಾಳ್ನ ಮುಂದೇನೇ ಕರೀ, ಬತ್ತೀನಿ” ಅಂದಳು. ಹೋಗಿ ಆ ನಾಲ್ಕು ಜನರನ್ನೂ ಕರೆದುಕೊಂಡು ಬಂದೆ. ಅವಳ ಬಾಗಿಲಲ್ಲಿ ನಿಲ್ಲಿಸಿ, ತಪ್ಪು ನನ್ನದು, ಬಾ ತಾಯಿ, ಅಂದೆ. ಅಷ್ಟು ಹೇಳುವುದಕ್ಕೆ ನನಗೆ ಬೆವರು ಬಂತು. ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಅವಳು ಮೇಲೆ ಹಿಡಿದಳು, ನಾನು ಕೆಳಗೆ ನೋಡಿದೆ. ಹದಿನಾಲ್ಕು ಅಡಿಗೆ ಮೂರು ಅಂಗುಲ ಆಚೆಗೆ. ಹತ್ತು ಅಡಿಯ ತನಕ ನನ್ನ ಕಣ್ಣು ಸರಿಯಾಗಿಯೇ ಇತ್ತು, ಮೇಲಿನ ನಾಲ್ಕರಲ್ಲಿ ಕೈಕೊಟ್ಟಿದೆ. ಅಷ್ಟು ಎತ್ತರದ ಗೋಡೆಯನ್ನು ನಾನು ಅದುವರೆಗೆ ಕಟ್ಟಿಯೇ ಇರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾನೇ ಸುತ್ತಿಗೆ ಹಿಡಿದು ಒಡೆದೆ. ಸೆಂಟ್ರಿಂಗ್‌ನವರು ಬೈದುಕೊಂಡು ಹೋದರು. ಪಾಸ್ಟರಿಗೆ ಹೇಳಿದೆ, ಕ್ರಿಸ್‌ಮಸ್ ಆರಾಧನೆ ಟಾರ್ಪಾಲಿನ ಕೆಳಗೆ. ಒಡೆಯುವಾಗ ಬಿಂದುವಿನ ಮಗಳು ಬಂದು, “ತಾತ, ನೀನೇ ಕಟ್ಟಿ ನೀನೇ ಯಾಕೆ ಬೀಳುಸ್ತಿದ್ದೀಯ?” ಎಂದು ಕೇಳಿದಳು. ಸುತ್ತಿಗೆ ಕೆಳಗಿಟ್ಟು ಅವಳನ್ನು ದೂರ ಕೂರಿಸಿದೆ. ದೇವರ ಮನೆ ಕಟ್ಟುತ್ತಿದ್ದೇನೆ ಎಂದುಕೊಂಡು ಚಂದ್ರಯ್ಯನ ಹೆಸರು ಕಟ್ಟುತ್ತಿದ್ದೆ ಎಂದು ಆ ಮಗುವಿಗೆ ಹೇಗೆ ಹೇಳುವುದು? ಅವಳು ಕೂರುವ ಜಾಗವೇ ಅದು, ಅಕ್ಕ. ಸಮಾಧಿಯ ಹತ್ತಿರ ನಾನು ಆಡಿದ ಮಾತು ನನಗೆ ಮರೆತೇ ಹೋಗಿತ್ತು. ಆಡಿದವನಿಗೆ ಮರೆಯುತ್ತದೆ. ತಪ್ಪಾಯಿತು. ಅಪ್ಪನನ್ನು ಉಳಿಸುವುದು ಯಾರ ಕೈಯಲ್ಲೂ ಇರಲಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆದುಬಿಡಬಹುದು. ಇವತ್ತು ಬರೆದರೆ ಸುಳ್ಳಾಗುತ್ತದೆ, ಇನ್ನೂ ಸಿಟ್ಟಿದೆ. 18ಕ್ಕೆ ಹಾಸನದ ಆಸ್ಪತ್ರೆಗೆ ನಾನೇ ಬರುತ್ತೇನೆ. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತೇನೆ, ಕೊಡವಿಕೊಳ್ಳಬೇಡ. ಮಾತಾಡುತ್ತೇನೆ ಎಂದು ಮಾತ್ರ ಭಾಷೆ ಕೊಡಲಾರೆ.

ಏಳು ಸಲ ಮುಳುಗಬೇಕಲ್ಲ, ಅಕ್ಕ. ಇದನ್ನು ಒಂದು ಎಂದು ಎಣಿಸಿಕೊ. ಐದಕ್ಕೇ ಓಡಿಹೋದರೆ ಕೂಗಿ ಕರೆ.

ನಿನ್ನ ತಮ್ಮ
ಚಂದ್ರಯ್ಯ